ಹಟ್ಟಿಯ ನೌಕಾಪಡೆ

೧೯೮೩ ನವೆಂಬರ್ ೨೭, ಭಾನುವಾರ

ಸ್ವಸ್ತಿ ಶ್ರೀಮನ್ಮಹಾರಾಜಾಧಿರಾಜ, ಸಪ್ತಸಾಗರ ಪರಮೇಶ್ವರ, ನೀರಿಲ್ಲದ ನಾಡಿನ ಏಕೈಕ ನೌಕಾಧಿಪತಿ, ಪಿಯುಸಿ ಎಂಬ ಕೋಟೆಗೆ ಎರಡು ಸಲ ಲಗ್ಗೆ ಹಾಕಿ ಎರಡು ಸಲವೂ ಮರ್ಯಾದೆಯಿಂದ ಹಿಂದಿರುಗಿದ ವೀರ ಪಾತಲಿಂಗ ಪ್ರಭುಗಳವರು, ಸಿರಾ ತಾಲ್ಲೂಕಿನ ತಮ್ಮ ಹಟ್ಟಿಯ ಕುರಿದೊಡ್ಡಿಯ ಪಕ್ಕ ಒಡ್ಡೋಲಗಗೊಟ್ಟು ಈ ನೋಟ್‌ಬುಕ್ಕಿಗೆ ಬರೆಸಿದ ನಿರೂಪವೇನೆಂದರೆ —

ಇವತ್ತೂ ಟ್ಯೂಬಿಗೆ ಪ್ಯಾಚ್ ಹಾಕಿದ್ದೇ ಆಯಿತು.

ಸಿರಾ ಬಸ್‌ಸ್ಟ್ಯಾಂಡ್ ಹತ್ತಿರ ಕಲಂದರನ ಪಂಕ್ಚರ್ ಅಂಗಡಿ. ಹೈಸ್ಕೂಲಿನಿಂದ ಜೊತೆಗಾರ. ಅವನು ಲಾರಿ ಟ್ಯೂಬಿಗೆ ಗಾಳಿ ತುಂಬಿ ತೊಟ್ಟಿಯಲ್ಲಿ ಅದ್ದುತ್ತಾನೆ, ನಾನು ಗುಳ್ಳೆ ಹುಡುಕುತ್ತೇನೆ. ನಾಲ್ಕು ಟ್ಯೂಬು, ಮೇಲೆ ಬಿದಿರಿನ ತಟ್ಟಿ — ನಮ್ಮ ಹಡಗು. ಜನವರಿಯಲ್ಲಿ ಕಾವೇರಿ ಕಾಡಿನೊಳಗೆ ಹರಿಯುವ ಕಡೆ ಇಳಿದು, ಮುತ್ತತ್ತಿಯವರೆಗೆ ತೇಲಿಕೊಂಡು ಹೋಗುವುದು. ರಾತ್ರಿ ಮರಳಿನ ಮೇಲೆ ಟೆಂಟು. ಆನೆ, ಮೊಸಳೆ, ನಾವು.

ರಿಸರ್ವ್ ಫಾರೆಸ್ಟ್. ಪರ್ಮಿಷನ್ ಬೇಕು. ಅರ್ಜಿ ನಾನೇ ಬರೆದೆ. 'ವನ್ಯಮೃಗಗಳ ನೆಮ್ಮದಿಗೆ ಕಿಂಚಿತ್ತೂ ಭಂಗ ಬಾರದಂತೆ ಉಸಿರಾಡುವುದಾಗಿ ಪ್ರಮಾಣೀಕರಿಸುತ್ತೇವೆ.'

ಕಲಂದರ್ ಓದಿ ಹೇಳಿದ: "ಇದನ್ನ ನೋಡಿದ್ರೆ ಸಾಹೇಬ್ರು ಪರ್ಮಿಷನ್ ಕೊಡಲ್ಲ ಯಾರ್, ಹುಚ್ಚಾಸ್ಪತ್ರೆಗೆ ಚೀಟಿ ಬರ್ಕೊಡ್ತಾರೆ."

ಕೊಡಲಿ. ಅದೂ ಊರಾಚೆಗೇ ಇದೆಯಲ್ಲ! ಹಟ್ಟಿ ಎಂದರೆ ಸುತ್ತ ಮುಳ್ಳುಬೇಲಿ. ಬೇಲಿಯೊಳಗೆ ಮನೆ. ಮನೆಯೊಳಗೆ ಅಜ್ಜಿ. ಇದರಾಚೆಗೆ ನನಗೆ ಗೊತ್ತಿರುವ ಪ್ರಪಂಚ — ಕಲಂದರನ ತೊಟ್ಟಿ.


ಡಿಸೆಂಬರ್ ೧೧

ಮದಲೂರು ಕೆರೆಯಲ್ಲಿ ನೌಕಾಪಡೆಯ ಪ್ರಥಮ ವಿಹಾರ. ಕೆರೆ ಸಮುದ್ರದಷ್ಟು ಅಗಲ, ನೀರು ಮೊಣಕಾಲುದ್ದ. ನಾನು ತಟ್ಟಿಯ ಮೇಲೆ ಕೊಡೆ ಬಿಚ್ಚಿ ಸಿಂಹಾಸನಾರೂಢನಾದೆ. ಹಡಗು ಕೆಸರಿನಲ್ಲಿ ಕೂತಿತು. ಕಲಂದರ್ ಪ್ಯಾಂಟ್ ಮಡಚಿ ಇಳಿದು ತಳ್ಳಿದ. ಎಮ್ಮೆಗಳು ಎದ್ದು ದಾರಿ ಬಿಟ್ಟವು — ಸೆಲ್ಯೂಟ್ ಎಂದೇ ಸ್ವೀಕರಿಸಿದೆ.

ಏರಿಯ ಮೇಲಿಂದ ಹೆಂಗಸೊಬ್ಬಳು ಕೂಗಿದಳು: "ಲೇ, ಆ ಸಾಬರ ಹುಡ್ಗ ಪಾಪ ಕೆಸ್ರಾಗೆ ಸಾಯ್ತಾವ್ನೆ. ನೀನೇನ್ಲಾ ಮೇಲೆ ಮದ್ವೆಗಂಡ್ ಕೂತಂಗೆ ಕೂತಿದೀಯ?"

ಹಡಗು ತೇಲುತ್ತದೆ ಎಂದು ಸಾಬೀತಾಯಿತು. ನೀರಿದ್ದರೆ.


ಡಿಸೆಂಬರ್ ೨೩

ಪರ್ಮಿಷನ್ ಬಂತು!! ಬಂತು!!

ಷರತ್ತು: ಬಲೆ ಇಲ್ಲ, ಬಂದೂಕು ಇಲ್ಲ, ಸೌದೆ ಕಡಿಯುವಂತಿಲ್ಲ, ಜೊತೆಗೊಬ್ಬ ಫಾರೆಸ್ಟ್ ವಾಚರ್. ಜನವರಿ ೨೨ಕ್ಕೆ ಹೊರಡುವುದು. ಕಲಂದರನ ಭಾವ ಕನಕಪುರದವರೆಗೆ ಲಾರಿಯಲ್ಲಿ ಬಿಡುತ್ತಾನೆ. ಗಾಳಿ ಹೊಡೆಯುವ ಪಂಪು, ಸೀಮೆಎಣ್ಣೆ ಸ್ಟೋವು, ಅವಲಕ್ಕಿ, ಹುರಿಗಡಲೆ.

ಮನೆಯಲ್ಲಿ ಹೇಳಿದೆ — ಅರಣ್ಯ ಇಲಾಖೆಯವರೇ ಕರೆಸಿಕೊಂಡಿದ್ದಾರೆ, ಮೊಸಳೆಗಳ ಜನಗಣತಿ.

ಅಮ್ಮ ನಂಬಿದಳು. ಅಜ್ಜಿ ಕರಿಯಕ್ಕ ಮಾತ್ರ ಎಲೆಅಡಿಕೆ ಜಗಿಯುತ್ತ, "ಮೊಸ್ಳೆನ ನೀನು ಎಣ್ಸೋದಾ, ಅದು ನಿನ್ನ ಎಣ್ಸೋದಾ?" ಎಂದಳು.


೧೯೮೪ ಜನವರಿ ೪

ಕ್ಯಾತಪ್ಪ ತಾತನಿಗೆ ಕೆಮ್ಮು ಜೋರು. ಕಂಬಳಿ ಹೊದ್ದು ದೇವರ ಗೂಡಿನ, ಅಂದರೆ ನಮ್ಮ ಪುಟ್ಟ ಗುಡಿಯ, ಮುಂದೆ ಕೂತೇ ಇರುತ್ತಾನೆ. ಅಜ್ಜನ ಅಣ್ಣ. ನಮ್ಮ ಮನೆದೇವರ ಪೂಜಾರಿ. ನಾನು ಕಂಡಾಗಿನಿಂದ ಅವನು ಚಪ್ಪಲಿ ಹಾಕಿದ್ದಿಲ್ಲ, ಹಟ್ಟಿಯಾಚೆ ಉಂಡಿದ್ದಿಲ್ಲ, ಹರಿಯುವ ನೀರು ದಾಟಿದ್ದಿಲ್ಲ. ಕೊನೆಯದು ನಮ್ಮ ಸೀಮೆಯಲ್ಲಿ ಕಷ್ಟದ ನೇಮವಲ್ಲ. ಹರಿಯುವ ನೀರೇ ಇಲ್ಲ.

ಹಿರಿಯರು ಕೂತು ಮಾತಾಡಿದರು. ತಾತ ಇರುವಾಗಲೇ ಮುಂದಿನವನನ್ನು ಆರಿಸಬೇಕು. ಆರಿಸುವವರು ಹಿರಿಯರಲ್ಲ — ದೇವರ ಬಸವ. ಸಂಕ್ರಾಂತಿಯ ಮಾರನೇ ದಿನ ಮದುವೆಯಾಗದ ಗಂಡುಹುಡುಗರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಸಾಲಾಗಿ ನಿಲ್ಲಬೇಕು. ಬಸವನ ಹಗ್ಗ ಬಿಚ್ಚುತ್ತಾರೆ. ಅದು ಯಾರ ಎದೆಗೆ ಮೂತಿ ಇಡುತ್ತದೋ ಅವನು. ಶಿವರಾತ್ರಿಗೆ ದೀಕ್ಷೆ. ಆಮೇಲೆ ಸಾಯುವವರೆಗೆ.

ಮದುವೆಯಾಗದವರು ಹಟ್ಟಿಯಲ್ಲಿ ಬಹಳ ಇಲ್ಲ. ಚಿಕ್ಕಪ್ಪನ ಮಗ ಮಾರಣ್ಣನೂ ನಾನೂ ಬಿಟ್ಟರೆ ಉಳಿದವರೆಲ್ಲ ಮೂಗು ಸುರಿಸುವವರು.




ಜನವರಿ ೧೫, ಸಂಕ್ರಾಂತಿ

ಪಾತಲಿಂಗ ಪ್ರಭುಗಳು ಯುದ್ಧತಂತ್ರ ಹೂಡಿದ್ದಾರೆ. ಬೆಲ್ಲದ ಪಾಕ. ಮಾರಣ್ಣನ ಕಂಬಳಿಯ ಎದೆಯ ಅಂಚಿಗೆ ಚೆನ್ನಾಗಿ ಸವರಿ ಮೊದಲಿದ್ದ ಹಾಗೇ ಮಡಚಿಟ್ಟೆ. ಬಸವನೂ ದನವೇ ತಾನೆ.

ಪಾಪವೇ? ಮಾರಣ್ಣನಿಗೆ ಎಲ್ಲಿಗೂ ಹೋಗುವ ಆಸೆಯಿಲ್ಲ. ಮಧುಗಿರಿಗೆ ಹೋದರೂ ಸಂಜೆಗೆ ತಲೆನೋವು ಅನ್ನುತ್ತಾನೆ. ಇಬ್ಬರಿಗೂ ಒಳ್ಳೆಯದೇ. ಸರಿಯಾಗಿ ನೋಡಿದರೆ ಇದೊಂದು ಸಮಾಜಸೇವೆ.


ಜನವರಿ ೧೬, ಸಂಜೆ

ನಾನು.

ನನ್ನ ಎದೆಗೆ.

ಮಾರಣ್ಣನ ಮುಂದೆ ಬಂದು ನಿಂತಿತ್ತು. ಕಂಬಳಿ ಮೂಸಿತು. ಇನ್ನೇನು — ಆಗ ತಿರುಗಿತು. ನೇರ ಬಂದು ಒದ್ದೆ ಮೂತಿ ನನ್ನ ಎದೆಗೆ ಒತ್ತಿತು. ಪಾಕದ ವಾಸನೆ ಕೈಯಲ್ಲಿ ಉಳಿದಿತ್ತೇನೋ. ಇರಬೇಕು. ಮತ್ತೇನಿರುತ್ತದೆ!

ಉರುಮೆ ವಾದ್ಯ ಬಡಿದರು. ಅಮ್ಮ ಅತ್ತಳು — ಸಂತೋಷಕ್ಕೋ ಏನೋ, ನೋಡಲಿಲ್ಲ. ಮಾರಣ್ಣ ನನ್ನ ಕಾಲಿಗೆ ಬಿದ್ದ. ಬಿದ್ದವನು ಎದ್ದು ಕಿವಿಯಲ್ಲಿ, "ನನ್ ಕಂಬ್ಳಿಗೆ ಇರುವೆ ಮುತ್ಕಂಡವೆ ಕಣ್ಲಾ, ಏನ್ ಮಾಡಿದ್ಯೋ?" ಎಂದ.


ಜನವರಿ ೧೭

ಬರೆಯುವುದಕ್ಕೆ ಏನಿಲ್ಲ.


ಜನವರಿ ೧೯

ಚಪ್ಪಲಿ ಹೋಯಿತು. ಅಮ್ಮ ಯಾರಿಗೋ ಕೊಟ್ಟಿದ್ದಾಳೆ. ಆಯ್ಕೆಯಾದವನು ದೀಕ್ಷೆಯಾಗುವ ತನಕ ಬೇಲಿ ದಾಟಬಾರದಂತೆ. ಕಾವಲಿಗೆ ಚಿಕ್ಕಪ್ಪ ದೊಡ್ಡಹನುಮಯ್ಯ — ಬೇಲಿಯ ಬಾಯಿಗೇ ಮಂಚ ಹಾಕಿಕೊಂಡು ಮಲಗಿದ್ದಾನೆ. ಬಯಲಕಡೆಗೆ ಮಾತ್ರ ಬಿಡುತ್ತಾನೆ, ಅದಕ್ಕೂ ಹಿಂದೆಯೇ ಬರುತ್ತಾನೆ. ಬಂದು ಆಕಾಶ ನೋಡುತ್ತ ನಿಲ್ಲುತ್ತಾನೆ.

ದೇವರಿಗೆ ನಾನು ತಕ್ಕವನಲ್ಲ ಎಂದು ರುಜುವಾತು ಮಾಡಲು ಹೊರಟೆ. ಅಜ್ಜಿಯ ಮುಂದೆ ಗಂಟಲು ಸರಿಮಾಡಿಕೊಂಡು ನಿಂತೆ.

"ಅಜ್ಜಿ, ನಾನು ಕಲಂದರನ ಮನೇಲಿ ಬಿರಿಯಾನಿ ತಿಂದಿದೀನಿ. ಒಂದ್ ಸಲ ಅಲ್ಲ."

"ಗೊತ್ತು."

"ಸಿಗರೇಟು ಸೇದಿದೀನಿ."

"ನಾತ ಬತ್ತಿತ್ತು."

"ಬಸವನ ಕೊಂಬಿಗೆ ಕನ್ನಡಕ ಕಟ್ಟಿದ್ದು ನಾನೇ."

"ಅದ್ಕೇ ಕಣ್ಲಾ ಅದು ನಿನ್ನ ಗುರ್ತು ಹಿಡ್ದಿದ್ದು. ಇನ್ಮೇಲೆ ಇವೆಲ್ಲ ಮಾಡ್ಬ್ಯಾಡ, ಹೋಗು. ಉಣ್ಣಕ್ ಕೂತ್ಕ."

ಮುದ್ದೆ ಉಂಡೆ. ಪ್ರಪಂಚದಲ್ಲಿ ಇಷ್ಟು ಸುಲಭವಾಗಿ ಕ್ಷಮೆ ಸಿಗಬಾರದು.


ಜನವರಿ ೨೦

ಕಲಂದರ್ ಬಂದಿದ್ದ. ಸೈಕಲ್ ಬೇಲಿಗೆ ಒರಗಿಸಿದ. ಬೇಲಿಯ ಆಚೆ ಅವನು, ಈಚೆ ನಾನು, ನಡುವೆ ಮಂಚದ ಮೇಲೆ ಚಿಕ್ಕಪ್ಪನ ಗೊರಕೆ.

"ಎಲ್ಲಾ ತಯಾರು. ಭಾವ ಭಾನುವಾರ ಆರು ಗಂಟೆಗೆ ಲಾರಿ ರೋಡಿಗೆ ನಿಲ್ಲಿಸ್ತಾನೆ."

"ನನ್ನ ಸ್ಥಿತಿ ನೋಡ್ತಿದೀಯಲ್ಲೋ."

"ನೋಡ್ತಿದೀನಿ. ಬರಿಗಾಲಿನ ಸ್ವಾಮಿ. ನಂಗೂ ಏನಾದ್ರೂ ವರ ಕೊಡು."

"ತಮಾಷೆ ಬೇಡ ಕಲಂದರ್."

ಅವನು ಮುಖ ನೋಡಿದ. ತಮಾಷೆ ಬೇಡ ಎಂದು ನಾನು ಹೇಳಿದ್ದು ಬಹುಶಃ ಇದೇ ಮೊದಲು. ಸೈಕಲ್ ಬೆಲ್ಲಿನ ಮುಚ್ಚಳ ತಿರುಗಿಸಿದ.

"ನೀನಿಲ್ದೆ ನಾನು ಹೋಗಲ್ಲ ಯಾರ್. ಅಲ್ಲಿ ಯಾರ್ ಜೊತೆ ನಗ್ಲಿ? ವಾಚರ್ ಜೊತೆನಾ? ಟ್ಯೂಬ್ ಎಲ್ಲಾ ವಾಪಸ್ ಲಾರಿಗೆ ಹಾಕ್ಬಿಡ್ತೀನಿ."

ಹಾಕಬೇಡ ಎಂದೆ. ಯಾಕೆ ಹಾಗೆಂದೆನೋ. ಹಿಂದಿನ ಬೇಲಿ ಹಾರುತ್ತೇನೆ, ದೊಡ್ಡಹನುಮಯ್ಯನಿಗೆ ಹೆಂಡ ಕುಡಿಸುತ್ತೇನೆ, ಸೀರೆ ಉಟ್ಟುಕೊಂಡು ಬರುತ್ತೇನೆ — ಏನೇನೋ ಪ್ರತಿಜ್ಞೆ ಮಾಡಿದೆ. ಅವನು ನಕ್ಕು ಹೋದ.


ಜನವರಿ ೨೧, ಮಧ್ಯಾಹ್ನ

ತಾತ ಕರೆಸಿದ. ಗೂಡಿನ ಮುಂದೆ, ಬಿಸಿಲಲ್ಲಿ. ಕೆಮ್ಮು ನಿಲ್ಲುವ ತನಕ ಕಾದೆ.

"ಎಲ್ಲಿಗೋ ಹೊಳೆಗೋಗ್ಬೇಕಂತಿದ್ಯಂತಲ್ಲ?"

"ಇಲ್ಲ ತಾತ. ಅದೆಲ್ಲ ಮುಗೀತು."

"ಯಾಕ್ಲಾ ಮುಗೀತು? ಸಿವರಾತ್ರಿಗಂಟ ದ್ಯಾವ್ರು ನನ್ ತಾವೇ ಅವ್ನೆ. ನಿಂಗಿನ್ನೂ ಏನೂ ಅಂಟಿಲ್ಲ. ಹೋಗ್ಬಾ."

"ಅಜ್ಜಿ ಬಿಡಲ್ಲ."

"ಕರಿಯಕ್ಕುಂಗೆ ನಾನೇಳ್ತೀನಿ. ಹನುಮಯ್ಯುಂಗೂ ಏಳ್ತೀನಿ, ಮಂಚ ಎತ್ಕಂತಾನೆ." ಮತ್ತೆ ಕೆಮ್ಮು. "ನನ್ನ ಬಸ್ವ ಮುಟ್ದಾಗ ನಂಗೆ ಯಾರೂ ಹೋಗ್ಬಾ ಅನ್ಲಿಲ್ಲ. ಹೊಳೆ ಅಂತ ಒಂದೂ ನೋಡ್ದೋನಲ್ಲ ನಾನು. ಅದ್ಯಾವ ತರ ಸದ್ದು ಮಾಡ್ತದೆ, ರಾತ್ರಿ ಮಲೀಕಂಡ್ರೆ ಕೇಳ್ತದಾ, ಎಲ್ಲಾ ನೋಡ್ಕಂಡ್ ಬಂದು ನಂಗೇಳು. ಆಮ್ಯಾಕೆ ಇಲ್ಲಿ ಕೂತ್ಕ, ಬೇಜಾರಾಗಲ್ಲ."

ಕಾಲು ಮುಟ್ಟಿದೆ. ಅವನ ಕಂಬಳಿ ಸರಿಮಾಡಿ ಎದ್ದೆ. 


ಜನವರಿ ೨೨, ಭಾನುವಾರ, ಬೆಳಗ್ಗೆ ಆರಕ್ಕೆ ಮೊದಲು

ದೊಡ್ಡಹನುಮಯ್ಯನ ಮಂಚ ಇಲ್ಲ. ಬೇಲಿಯ ಬಾಯಿ ತೆರೆದಿದೆ. ಅಮ್ಮ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿದ್ದಾಳೆ. ಮಾರಣ್ಣ ತನ್ನ ಚಪ್ಪಲಿ ತಂದು ಬಾಗಿಲಲ್ಲಿ ಬಿಟ್ಟಿದ್ದಾನೆ. ಅಜ್ಜಿ ಮೊಸಳೆಗೆ ಹೆದರದಿರಲಿ ಎಂದು ತೋಳಿಗೆ ದಾರ ಕಟ್ಟಿದಳು. ರೋಡಿನಿಂದ ಲಾರಿ ಹಾರ್ನು. ಕಲಂದರ್ ಕೂಗುತ್ತಿದ್ದಾನೆ — "ಪಾತಾ! ಬಾರೋ! ಗಾಳಿ ಇಳೀತದೆ!"

ಎಲ್ಲರೂ ಎದ್ದು ನಿಂತಿದ್ದಾರೆ, ನನ್ನನ್ನು ಕಳಿಸಲು. ನಾನು ದೊಡ್ಡಿಯ ಹಿಂದೆ ಕೂತು ಬರೆಯುತ್ತಿದ್ದೇನೆ.

ಬಸವ ಆರಿಸಿದ ದಿನ ನನ್ನ ಕೈಯಲ್ಲಿ ಪಾಕದ ವಾಸನೆ ಇರಲಿಲ್ಲ. ಸೋಪು ಹಾಕಿ ತೊಳೆದಿದ್ದೆ. ಬಸವ ಮಾರಣ್ಣನ ಕಂಬಳಿಗೆ ಬಾಯಿ ಹಾಕಿಯೇ ಬಿಡುತ್ತಿತ್ತು. ಆಗ ನಾನೇ ಅದನ್ನು ಕರೆದೆ. ಹುಲ್ಲು ಹಾಕುವಾಗ ಕರೆಯುವ ಹಾಗೆ, ಮೆಲ್ಲಗೆ, ನಾಲಿಗೆ ಲೊಚಗುಟ್ಟಿ. ಉರುಮೆಯವರಿಗೆ ಕೇಳಲಿಲ್ಲ. ಅದಕ್ಕೆ ಕೇಳಿತು.

ಮಾರಣ್ಣನನ್ನು ಆರಿಸಿಬಿಟ್ಟಿದ್ದರೆ ನಾನು ಹೊಳೆಗೆ ಹೋಗಲೇಬೇಕಿತ್ತು. ಈಜು ಬರುವುದಿಲ್ಲ ಎನ್ನುವುದು ಸಣ್ಣ ಮಾತು. ನೀರು ಎದೆಯ ಮಟ್ಟಕ್ಕೆ ಬರುತ್ತದೆ ಎಂದು ನೆನೆದರೆ ಸಾಕು, ನನಗೆ ಈ ಬೇಲಿಯೇ ವಾಸಿ ಎನಿಸುತ್ತದೆ.