ನಾಯಕನ ಕುತ್ತಿಗೆಯ ಮಡಿಕೆ

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಗೆಳತಿ,

ನಿನ್ನ ಕಾಗದ ಬಂದು ತಿಂಗಳಾಯಿತು. ಬೈಯಬೇಡ. ನಮ್ಮ ನಾಯಕನಟನ ಕುತ್ತಿಗೆಯ ಮಡಿಕೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುವುದರಲ್ಲೇ ಹನ್ನೊಂದು ದಿನ ಹೋಯಿತು. ಐವತ್ತೆಂಟರ ಮುದುಕ ಕಾಲೇಜು ಹುಡುಗನಾಗಬೇಕಾದರೆ ಎಡಿಟರಮ್ಮನ ಕಣ್ಣು ಹೋಗಲೇಬೇಕಲ್ಲ! ಅವನಿಗೆ ಜೋಡಿ ಇಪ್ಪತ್ಮೂರರ ಹುಡುಗಿ. ಹೋದ ಚಿತ್ರದ ಪ್ರೇಯಸಿ ಮೂವತ್ತೈದು ತುಂಬಿದ ತಪ್ಪಿಗೆ ಈ ಸಲ ಅವನ ಅತ್ತಿಗೆ. ಮುಂದಿನ ಸಲ ಹೆತ್ತ ತಾಯಿಯಾದರೂ ನಾನು ಹುಬ್ಬೇರಿಸುವುದಿಲ್ಲ.

ಮಗಳನ್ನು ಕೆಲಸ ಕಲಿಯಲು ನನ್ನ ಹತ್ತಿರ ಕಳಿಸಲೇ ಎಂದು ಕೇಳಿದ್ದೀಯ. ಮೊದಲು ಹೋದ ವಾರದ ಕತೆ ಕೇಳು.

ಚಿತ್ರದಲ್ಲಿ ಆ ಹುಡುಗಿಗೆ ಇದ್ದದ್ದು ಒಂದೇ ಒಳ್ಳೆಯ ದೃಶ್ಯ. ಕೋರ್ಟಿನಲ್ಲಿ ನಿಂತು ಸ್ವಂತ ಅಪ್ಪನ ವಿರುದ್ಧ ಸಾಕ್ಷಿ ಹೇಳುತ್ತಾಳೆ. ನಾಲ್ಕು ನಿಮಿಷ, ಒಂದೇ ಶಾಟ್. ಕಣ್ಣೀರಿಲ್ಲ, ಕಿರುಚಾಟವಿಲ್ಲ. ಮಾತು ಮುಗಿದ ಮೇಲೆ ನೀರಿನ ಲೋಟ ಎತ್ತಿ, ಕುಡಿಯದೆ ಹಾಗೇ ಕೆಳಗಿಡುತ್ತಾಳೆ. ನಾನು ಅದಕ್ಕೆ ಕತ್ತರಿ ಮುಟ್ಟಿಸಲೇ ಇಲ್ಲ.

ನಾಯಕ ಎಡಿಟಿಂಗ್ ರೂಮಿಗೆ ಬಂದು ನೋಡಿದ. "ಇಷ್ಟು ಹೊತ್ತೂ ಇವಳನ್ನೇ ನೋಡ್ಬೇಕಾ? ನಾನೆಲ್ಲಿ?"

"ಈ ಸೀನಲ್ಲಿ ನೀವಿಲ್ಲವಲ್ಲ ಸಾರ್."

"ಅದೇ ತಪ್ಪು. ನಾನು ಕೇಳಿಸ್ಕೊಳ್ತಿರೋದನ್ನ ತೋರ್ಸಿ. ಜನ ಬರೋದು ನನ್ನ ಮುಖ ನೋಡೋಕೆ."

ನಿರ್ದೇಶಕ ಕೋಲೆಬಸವನಂತೆ ತಲೆಯಾಡಿಸಿದ. ಆ ದೃಶ್ಯ ಬರೆದವನೂ ಅವನೇ, ಶೂಟಿಂಗಿನ ದಿನ ಕಣ್ಣೊರೆಸಿಕೊಂಡವನೂ ಅವನೇ! ಬೆನ್ನುಮೂಳೆಯನ್ನು ಮನೆಯಲ್ಲಿ ಮೊಳೆಗೆ ನೇತುಹಾಕಿ ಬಂದಿದ್ದನೋ ಏನೋ.

ನಾನು ಆಗುವುದಿಲ್ಲ ಎಂದೆ. "ಮೇಡಂಗೆ ಸುಸ್ತಾಗಿದೆ, ಮನೇಲಿ ರೆಸ್ಟ್ ತಗೊಳ್ಲಿ" ಎಂದು ನಾಯಕ ನಕ್ಕ. ಮಾರನೆಯ ಬೆಳಿಗ್ಗೆ ನನ್ನ ಜಾಗದಲ್ಲಿ ಅವನ ತಂಗಿಯ ಗಂಡ ಕೂತಿದ್ದ. ಕತ್ತರಿಗೂ ಬಾಚಣಿಗೆಗೂ ವ್ಯತ್ಯಾಸ ತಿಳಿಯದ ಮಹಾನುಭಾವ. ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ಇಳಿಯಿತು, ಅದರಲ್ಲೂ ಮುಕ್ಕಾಲು ಪಾಲು ನಾಯಕ ಹುಬ್ಬು ಗಂಟಿಕ್ಕುವುದೇ, ಅದೂ ಬೇರೆ ದೃಶ್ಯದಿಂದ ಕಿತ್ತು ತಂದು ಅಂಟಿಸಿದ್ದು. ಹುಡುಗಿಯ ದನಿ ಗಡಸಂತೆ; ಮೆತ್ತನೆಯ ದನಿಯವಳೊಬ್ಬಳನ್ನು ಕರೆಸಿ ಮಾತೂ ಹೇಳಿಸಿದರು.

ಮೊನ್ನೆ ಹುಡುಗಿ ಮನೆಗೆ ಬಂದಿದ್ದಳು. "ಅಕ್ಕಾ, ಆ ಸೀನಿಗೋಸ್ಕರ ತಾನೇ ನಾನು ಉಳಿದಿದ್ದೆಲ್ಲ ಸಹಿಸ್ಕೊಂಡಿದ್ದು?" ಎಂದಳು. ಅಳಲಿಲ್ಲ. ಕಾಯಿದೆ ಏನು ಹೇಳುತ್ತದೋ ಹೇಳಲಿ, ಪೂರ್ತಿ ದೃಶ್ಯದ ಪ್ರತಿಯನ್ನು ಅವಳ ಕೈಗಿಟ್ಟೆ. ಬೇರೊಬ್ಬ ನಿರ್ದೇಶಕಿ ಅದನ್ನು ನೋಡಿ ಅವಳನ್ನು ಕರೆದಿದ್ದಾಳೆ ಎಂದು ನಿನ್ನೆ ಫೋನು ಬಂತು. ಚಿತ್ರದಲ್ಲಿ ಎಡಿಟರ್ ಎಂದು ಆ ಬಾಚಣಿಗೆಯ ಹೆಸರೇ ಇರುತ್ತದಂತೆ. ಇರಲಿ. ಆ ಕಸಕ್ಕೆ ನನ್ನ ಹೆಸರು ಅಂಟದಿರುವುದೇ ಕ್ಷೇಮ.

ಮಗಳನ್ನು ಕಳಿಸು. ಹೆದರಿ ದೂರ ನಿಲ್ಲುವಷ್ಟು ದೊಡ್ಡವರಲ್ಲ ಇವರು. ನನಗೀಗ ಕೆಲಸವಿಲ್ಲ, ಕಲಿಸಲು ಹೊತ್ತು ಬೇಕಾದಷ್ಟಿದೆ. ಅವಳ ಕೈ ಗಟ್ಟಿಯಾಗಲಿ, ನಾಲಗೆ ಇನ್ನೂ ಗಟ್ಟಿಯಾಗಲಿ. ನಿನ್ನ ಮಂಡಿನೋವು ನಿನ್ನನ್ನು ಬಿಟ್ಟು ಆ ನಿರ್ದೇಶಕನನ್ನು ಹಿಡಿಯಲಿ.

ನಿನ್ನ,
ಕತ್ತಲೆಕೋಣೆಯ ಗೂಬೆ

ತಾ. ಕ.: ಅವಳನ್ನು ಕಳಿಸುವ ಮುನ್ನ ಇದನ್ನೂ ಓದು. ನಾವಿಬ್ಬರೂ ಒಂದೇ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುತ್ತಿದ್ದಾಗ, ಏಳು ತಿಂಗಳ ಬಸುರಿಯಾಗಿದ್ದ ನಿನ್ನನ್ನು ಕೆಲಸದಿಂದ ತೆಗೆದದ್ದು ಸ್ಟುಡಿಯೋ ಮ್ಯಾನೇಜರ್ ಎಂದು ಇವತ್ತಿಗೂ ಅವನಿಗೆ ಶಾಪ ಹಾಕುತ್ತೀಯ. ತೆಗೆಯುವ ಮುನ್ನ ಅವನು ನನ್ನನ್ನು ಕೇಳಿದ್ದು ಇಷ್ಟೇ: "ಅವ್ರ ಕೈಲಿ ಆಗುತ್ತಾ?" ನಾನು, "ಆಗಲ್ಲ ಸಾರ್, ನಾನು ಮಾಡ್ತೀನಿ" ಎಂದೆ. ನಿನ್ನ ಕೈಲಿ ಆಗುತ್ತಿತ್ತು. ನನಗಿಂತ ಚೆನ್ನಾಗಿ ಆಗುತ್ತಿತ್ತು.