ಗುಡ್ ಮಾರ್ನಿಂಗ್, ಎರಡು ಕೆಮ್ಮು

ನವೆಂಬರ್ ೧೯

ಪ್ರೀತಿಯ ಅಕ್ಕ,

ನಮಸ್ಕಾರ. ಈ ಪರದೇಶಕ್ಕೆ ಬಂದ ವಾರವೇ ಬರೆಯುತ್ತೇನೆ ಎಂದಿದ್ದವಳು ಚಳಿ ಬಿದ್ದ ಮೇಲೆ ಪೆನ್ನು ಹಿಡಿದಿದ್ದೇನೆ. ಬೈದುಕೋ, ಆದರೆ ಬೈದ ಮೇಲೆ ಮುಂದೆ ಓದು. ಭಾವನವರ ಮಂಡಿನೋವು ಹೇಗಿದೆ? ನಾನು ಗಟ್ಟಿಮುಟ್ಟಾಗಿದ್ದೇನೆ. ಮೂರು ಹಳ್ಳಿಗಳ ಪುಟ್ಟ ಶಾಲೆಗಳಿಗೆ ನಾನೊಬ್ಬಳೇ ಇಂಗ್ಲಿಷ್ ಟೀಚರ್. ಬಸ್ಸಿನ ಕುಲುಕಾಟಕ್ಕೆ, ಬೆಳಿಗ್ಗೆ ಕುಡಿದ ಹಾಲು ಶಾಲೆ ಮುಟ್ಟುವಷ್ಟರಲ್ಲಿ ಬೆಣ್ಣೆಯಾಗಿರುತ್ತದೆ!

ಕೊನೆಯ ಹಳ್ಳಿಯ ಶಾಲೆಯ ವಿಷಯ ನಿನಗೆ ಹೇಳಲೇಬೇಕು. ಒಂದೇ ಕೋಣೆ, ಬೆರಳೆಣಿಕೆಯ ಮಕ್ಕಳು. ಮೊದಲ ದಿನ ಒಳಗೆ ಕಾಲಿಟ್ಟೆ. ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್" ಎಂದರು. ಕೂಡಲೇ ಒಟ್ಟಿಗೆ ಮುಷ್ಟಿಯನ್ನು ಬಾಯಿಗಿಟ್ಟು ಎರಡು ಸಲ ಕೆಮ್ಮಿ, ಆಮೇಲೆ "ಟೀಚರ್" ಎಂದರು. "ಮೈ ನೇಮ್ ಈಸ್" ಎಂದ ಮೇಲೂ ಅದೇ ಕೆಮ್ಮು. ಅಣಕಿಸುತ್ತಿದ್ದಾರೆಂದು ಸಿಟ್ಟು ಬಂತು. ಮುಖ ನೋಡಿದರೆ ಒಬ್ಬರ ತುಟಿಯಲ್ಲೂ ನಗುವಿಲ್ಲ.

ಹೆಡ್‌ಮಾಸ್ಟರನ್ನು ಕೇಳಿದೆ. ಅವರು ಹೇಳಿದರು: "ನಿಮಗಿಂತ ಮುಂಚೆ ಇದ್ದ ಟೀಚರ್‌ಗೆ ಎದೆ ಕಾಯಿಲೆ ಇತ್ತಮ್ಮ. ಸಾಯೋವರೆಗೂ ಪಾಠ ಬಿಡ್ಲಿಲ್ಲ. ಈ ಮಕ್ಕಳು ಇಂಗ್ಲಿಷ್ ಅಂತ ಕೇಳಿದ್ದೇ ಅವರ ಬಾಯಲ್ಲಿ. ಕೆಮ್ಮೂ ಪಾಠದಲ್ಲೇ ಇದೆ ಅಂದ್ಕೊಂಡಿದಾವೆ."

ನಾನು ಕಂಡೇ ಇರದ ಒಬ್ಬಾಕೆ ಆ ಮಕ್ಕಳ ಬಾಯಲ್ಲಿ ಉಸಿರಾಡುತ್ತಿದ್ದಳು. ಬೋರ್ಡಿನ ಮೇಲೆ ಬರೆಯಲು ತಿರುಗಿದರೆ ಸಾಕು, ಬೆನ್ನ ಹಿಂದೆ ಕೆಮ್ಮುವುದು ಮಕ್ಕಳಲ್ಲ, ಅವಳೇ ಅನಿಸುತ್ತಿತ್ತು.

ತಿದ್ದುವುದು ನನ್ನ ಕೆಲಸವಲ್ಲವೇ ಅಕ್ಕ? ಪಟ್ಟು ಹಿಡಿದು ತಿದ್ದಿದೆ. ಕಳೆದ ಸೋಮವಾರ ಇಡೀ ತರಗತಿ ಮೊಟ್ಟಮೊದಲ ಸಲ ಕೆಮ್ಮಿಲ್ಲದೆ ಹೇಳಿತು. ನಾನು ಚಪ್ಪಾಳೆ ತಟ್ಟುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಅಜ್ಜಿ ಬಂದು ನಿಂತಳು. ನನ್ನ ಪಾಠವಿದ್ದಾಗಲೆಲ್ಲ ಕಿಟಕಿಯ ಕೆಳಗೆ ಕೂತಿರುವವಳು. ಯಾವುದೋ ಮಗುವನ್ನು ಕರೆದೊಯ್ಯಲು ಬರುತ್ತಾಳೆ ಎಂದುಕೊಂಡಿದ್ದೆ. ಇಲ್ಲಿಯ ಭಾಷೆ ನನಗೆ ಅರ್ಧಂಬರ್ಧ, ಆದರೂ ಅವಳ ಮಾತು ಅರ್ಥವಾಯಿತು.

"ಇವತ್ತು ನನ್ನ ಮಗಳು ಬರ್ಲಿಲ್ವಾ ತಾಯಿ?"

ಅವಳು ತೀರಿಹೋದ ಆ ಟೀಚರ ಅಮ್ಮ. ಕೈ ಹಿಡಿದು ಒಳಗೆ ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ. "ಮೊದಲು ಹೇಳ್ತಿದ್ದ ಹಾಗೇ ಹೇಳಿ" ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಆಮೇಲೆ ಗುಡ್ ಮಾರ್ನಿಂಗ್, ಎರಡು ಕೆಮ್ಮು, ಟೀಚರ್. ಅಜ್ಜಿ ಕಣ್ಣು ಮುಚ್ಚಿಕೊಂಡು, ಯಾರದೋ ಬೆನ್ನು ನೀವುವಂತೆ ಗಾಳಿಯಲ್ಲಿ ಕೈಯಾಡಿಸಿದಳು.

ತಿದ್ದುವುದನ್ನು ಬಿಟ್ಟಿದ್ದೇನೆ. ಈಗ ಉಳಿದೆರಡು ಶಾಲೆಗಳಲ್ಲೂ 'ಗುಡ್ ಮಾರ್ನಿಂಗ್' ಬಂದಾಗ ನನ್ನ ಗಂಟಲೇ ಕೆರೆಯುತ್ತದೆ. ಮೊನ್ನೆ ನಾನೂ ಕೆಮ್ಮಿದೆ. ಆರೋಗ್ಯ ಚೆನ್ನಾಗಿದೆ, ಕಷಾಯದ ಪಟ್ಟಿ ಕಳಿಸಬೇಡ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಪುಟ್ಟಿಗೆ ಈ ಚಿಕ್ಕಮ್ಮನ ಆಶೀರ್ವಾದ. ನೂರು ಕಾಲ ಚೆನ್ನಾಗಿರಲಿ.

ಇಂತಿ ನಿನ್ನ
ತಂಗಿ

ತಾ.ಕ.: ಪುಟ್ಟಿ ಈಗಲೂ ಚಪ್ಪಲಿಗೆ 'ಪಚ್ಚಲಿ' ಅಂತಾಳಾ? ಅದು ನನ್ನ ಮಗಳಿಂದ ಕಲಿತದ್ದು. ನನ್ನ ಮಗು ತೀರಿಕೊಂಡ ಮೇಲೆ ನಿನ್ನ ಮನೆಗೆ ಕಾಲಿಡದೆ ಇಷ್ಟು ದೂರ ಬಂದದ್ದು, ಆ ಒಂದು ಮಾತು ಕಿವಿಗೆ ಬೀಳಬಾರದೆಂದೇ. ಅಕ್ಕ, ಪುಟ್ಟಿಯನ್ನು ತಿದ್ದಬೇಡ. ಭಾನುವಾರ ಫೋನ್ ಮಾಡುತ್ತೇನೆ, ಅವಳ ಕೈಗೆ ಕೊಡು.