ಮೊಳೆ ಕಲೆಯ ಗಿಟಾರ್

ಮಾರ್ಚ್ 3, ಸೋಮವಾರ

ಎರಡು ಜೊತೆ ಬೂಟಿಗೆ ಹೊಸ ಹೀಲ್ ಹಾಕಿದ್ದಾಯಿತು. ಅಂಗಡಿಯಲ್ಲಿ ಬೇರೆ ಕೆಲಸವಿಲ್ಲ. ಮತ್ತೆ ಗಿಟಾರ್. ಹಳೆ ಮೇಜಿನ ಹಲಗೆ ಕೊಯ್ದು ನಾನೇ ಮಾಡಿದ ಬಾಡಿ — ಎಷ್ಟು ಪೇಂಟ್ ಬಳಿದರೂ ಮೇಜಿನ ಮೊಳೆ ತೂತುಗಳು ಇಣುಕುತ್ತವೆ. ಆಡಿನ ಚರ್ಮ ಹೊದಿಸಿಬಿಡುತ್ತೇನೆ. ಬೂಟು ಮಾಡುವವಳಿಗೆ ಗೊತ್ತಿರುವುದು ಅದೇ ತಾನೇ?

ಅಪ್ಪ ಕನ್ನಡಕ ಮೇಲೆತ್ತಿ ನೋಡಿದರು. "ಮರಕ್ಕೆ ಯಾಕಮ್ಮ ಚರ್ಮ? ಚಳಿ ಆಗತ್ತಾ ಅದಕ್ಕೆ?"

ಸಂಜೆ ಪ್ರಾಕ್ಟೀಸ್. ನಮ್ಮ ಬ್ಯಾಂಡಿನ ಹಾಡುಗಾರನಿಗೆ ಹೇಳಿದೆ. ನಕ್ಕ.

"ಶನಿವಾರ ಸ್ಟೇಜ್ ಮೇಲೆ ಚಪ್ಪಲಿ ಬಾರಿಸ್ತೀಯಾ? ಒಳ್ಳೇದೊಂದು ಬಾಡಿಗೆಗೆ ತಗೋ. ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀನಿ."

"ನೋಡ್ಕೋ," ಎಂದೆ. ಮೈಯೆಲ್ಲ ಉರಿಯಿತು. ಬ್ಯಾಂಡೂ ಬೇಕು ನನಗೆ. ಈ ಗಿಟಾರೂ ಬೇಕು.

ಮಾರ್ಚ್ 4

ಚರ್ಮ ನೆನೆಸಿ, ಅಂಟು ಬಳಿದು, ಎಳೆದು, ಒಣಗುವ ತನಕ ಹಿಡಿದಿರಲೆಂದು ಅಂಚಿನ ಸುತ್ತ ಮೊಳೆ ಹೊಡೆದೆ — ಬೂಟಿನ ಮರದ ಅಚ್ಚಿಗೆ ಹೊಡೆಯುವ ಹಾಗೆಯೇ. ತಿರುವಿನಲ್ಲಿ ನೆರಿಗೆ ಬಿತ್ತು. ಬೈದೆ, ಬಿಚ್ಚಿದೆ, ಮತ್ತೆ ಎಳೆದೆ. ಅಪ್ಪ ಪೇಪರ್ ಓದುವ ನಾಟಕ ಮಾಡುತ್ತಿದ್ದರು. ಕೊನೆಗೆ ತಡೆಯಲಾಗದೆ ಎದ್ದು ಬಂದು ಇಕ್ಕಳ ಕಿತ್ತುಕೊಂಡರು.

"ಜಗಳ ಆಡ್ಬೇಡ ಅದರ ಜೊತೆ. ಒಲಿಸ್ಕೋಬೇಕು."

ನೆರಿಗೆ ಮಾಯ. ಒಣಗಲಿ.

ಮಾರ್ಚ್ 7

ಬರೆಯುವ ಮನಸ್ಸೇ ಇರಲಿಲ್ಲ. ಮೊಳೆ ಕಿತ್ತರೆ... ಪ್ರತಿಯೊಂದರ ಸುತ್ತಲೂ ಕಪ್ಪು ಕಲೆ! ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿದರೆ ಹೀಗೇ ಆಗುವುದು, ಗೊತ್ತಿತ್ತು. ಬೂಟಾದರೆ ಆ ಕಲೆ ಅಂಗಾಲಿನ ಅಟ್ಟೆಯೊಳಗೆ ಮುಚ್ಚಿಹೋಗುತ್ತದೆ. ಗಿಟಾರಿಗೆ ಎಲ್ಲಿಂದ ತರಲಿ ಅಟ್ಟೆ? ಅಭ್ಯಾಸಬಲ. ಕೈ ತಾನಾಗಿಯೇ ಹೊಡೆದುಬಿಟ್ಟಿತ್ತು. ಅತ್ತುಬಿಟ್ಟೆ.

ಅಪ್ಪ ಕಪ್ಪು ಬಣ್ಣದ ಡಬ್ಬಿ ತಂದಿಟ್ಟರು. "ಪೂರ್ತಿ ಬಳಿದುಬಿಡು. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲಿ ಬಿಡಿ ಅಪ್ಪ. ಬೂಟು ಹೊಲಿಯೋಳು ಮಾಡಿದ್ದು ಅಂತ ಗೊತ್ತಾಗಲಿ."

ಅಪ್ಪ ಡಬ್ಬಿಗೆ ಮುಚ್ಚಳ ಹಾಕಿದರು. ತಂತಿ ಬಿಗಿದು ಬಾರಿಸಿದೆ. ಸದ್ದು ಗಟ್ಟಿಯಾಗಿದೆ.

ಮಾರ್ಚ್ 8, ಶನಿವಾರ, ಸಂಜೆ

ಸ್ಟೇಜಿನ ಹಿಂದೆ, ಮೆಟ್ಟಿಲ ಮೇಲೆ ಕೂತಿದ್ದೇನೆ. ಹಾಡುಗಾರ ಬಾಡಿಗೆ ಗಿಟಾರ್ ತಂದೇಬಿಟ್ಟಿದ್ದ. ಕೆಂಪು, ಮಿರಮಿರ.

"ಇದನ್ನ ಹಾಕ್ಕೋ. ಆ ಚಪ್ಪಲೀನ ಇಲ್ಲೇ ಬಿಡು."

ಅವನ ಕಾಲು ನೋಡಿದೆ. ಸ್ಟೇಜಿಗೆಂದೇ ಹಾಕುವ ಉದ್ದ ಬೂಟು — ನಾನೇ ಹೊಲಿದದ್ದು. ಅದೂ ಆಡಿನ ಚರ್ಮವೇ.

"ಸರಿ, ಬಿಡ್ತೀನಿ. ನೀನೂ ಆ ಬೂಟು ಬಿಚ್ಚಿಡು. ನಾನು ಬರಿಗೈ, ನೀನು ಬರಿಗಾಲು — ಹಾಗೇ ಹೋಗೋಣ ನಡಿ."

ಡ್ರಮ್ಮರ್ ಕಿಸಕ್ಕನೆ ನಕ್ಕಳು. ಅವನು ನಗಲಿಲ್ಲ. ಬೂಟನ್ನೂ ಬಿಚ್ಚಲಿಲ್ಲ. ಕೆಂಪು ಗಿಟಾರನ್ನು ಮತ್ತೆ ಕೇಸಿಗೆ ಹಾಕಿದ.

ಹೆದರಿಕೆಯಿದೆ, ಇಲ್ಲವೆನ್ನುವುದಿಲ್ಲ. ಅಷ್ಟಕ್ಕೇ ಮನೆಗೆ ಹೋಗುವವಳಲ್ಲ ನಾನು. ಕರೆಯುತ್ತಿದ್ದಾರೆ. ಹಾಡುಗಾರ ಮೊದಲು ಹೋಗಲಿ ಅನ್ನುತ್ತಿದ್ದಾರೆ ಯಾರೋ. ಯಾಕೆ? ನಾನೇ ಮೊದ—